ಅಜ್ಜನ ಕಾರಿಗೆ ಗಿರಾಕಿ ಯಾರು?

2022ರ ಮೇ 5. ಜರ್ಮನಿಯ ಸ್ಟುಟ್‌ಗಾರ್ಟ್ ನಗರದ ಮರ್ಸಿಡಿಸ್ ಬೆಂಜ್ ವಸ್ತುಸಂಗ್ರಹಾಲಯದಲ್ಲಿ ಒಂದು ಹರಾಜು ನಡೆಯಿತು. ಊರಿಗೆಲ್ಲ ಡಂಗುರ ಸಾರಿಸಿ ನಡೆಸಿದ ಹರಾಜಲ್ಲ. ಆಯ್ದ ಕೆಲವರಿಗಷ್ಟೇ ಆಹ್ವಾನ. ಹರಾಜಿಗಿದ್ದುದು ಒಂದೇ ಒಂದು ಕಾರು, ಅದೂ 67 ವರ್ಷ ಹಳೆಯದು. ಅದು ಹೋದ ಬೆಲೆ ಎಷ್ಟು ಗೊತ್ತೇ? 13 ಕೋಟಿ 50 ಲಕ್ಷ ಯೂರೋ. ಅಂದಿನ ವಿನಿಮಯ ದರದಲ್ಲಿ ಲೆಕ್ಕ ಹಾಕಿದರೆ ಸಾವಿರ ಕೋಟಿ ರೂಪಾಯಿಗೂ ಮಿಕ್ಕಿ! ಅದಕ್ಕೆ ಮೊದಲು ಹರಾಜಿನಲ್ಲಿ ಕಾರೊಂದಕ್ಕೆ ಬಂದಿದ್ದ ಅತಿ ಹೆಚ್ಚಿನ ಬೆಲೆಯೆಂದರೆ 2018ರಲ್ಲಿ ಅಮೆರಿಕದಲ್ಲಿ ಫೆರಾರಿ 250 ಜಿಟಿಒ ಕಾರಿಗೆ ಸಂದ 4 ಕೋಟಿ 84 ಲಕ್ಷ ಡಾಲರ್. ಹೊಸ ಬೆಲೆ ಅದರ ಸುಮಾರು ಮೂರು ಪಟ್ಟು.

ಮರ್ಸಿಡಿಸ್ 300 ಎಸ್‌ಎಲ್‌ಆರ್ ಎಂಬುದು ಈ ಕಾರಿನ ಹೆಸರು. ಕಂಪನಿಯ ಎಂಜಿನಿಯರ್ ರುಡಾಲ್ಫ್ ಊಲೆನ್‌ಹೌಟ್ 1955ರಲ್ಲಿ ಓಟದ ಕಾರಿಗೆ ಮುಚ್ಚಿದ ಮೇಲ್ಛಾವಣಿ ಹೊದಿಸಿ ಇದನ್ನು ಸಿದ್ಧಪಡಿಸಿದ. ಆದದ್ದು ಎರಡೇ ಕಾರು. ಇದೇ ಕುಲದ ತೆರೆದ ಕಾರಿನಲ್ಲಿ ಸ್ಟರ್ಲಿಂಗ್ ಮಾಸ್ ಅದೇ ವರ್ಷ ಇಟಲಿಯ ಸಾವಿರ ಮೈಲಿ ಓಟವನ್ನು ಹತ್ತು ಗಂಟೆ ಎಂಟು ನಿಮಿಷದೊಳಗೆ ಮುಗಿಸಿ ಗೆದ್ದಿದ್ದ. ಆದರೆ ಜೂನ್ 11ರಂದು ಫ್ರಾನ್ಸಿನ ಲ ಮಾನ್ ಪಂದ್ಯದಲ್ಲಿ ಇದೇ ಜಾತಿಯ ಇನ್ನೊಂದು ಕಾರು ಹಾರಿ ಪ್ರೇಕ್ಷಕರ ಮೇಲೆ ಬಿತ್ತು. ಎಂಬತ್ತಕ್ಕೂ ಹೆಚ್ಚು ಜನ ಸತ್ತರು. ಕಾರು ಹಗುರವಾಗಿರಲೆಂದು ಅದರ ಕವಚವನ್ನು ಮೆಗ್ನೀಸಿಯಂ ಮಿಶ್ರಲೋಹದಿಂದ ಮಾಡಲಾಗಿತ್ತು. ಶಾಲೆಯ ಪ್ರಯೋಗಾಲಯದಲ್ಲಿ ಮೆಗ್ನೀಸಿಯಂ ಪಟ್ಟಿಯನ್ನು ಇಕ್ಕಳದಲ್ಲಿ ಹಿಡಿದು ಉರಿಸಿದ ವಿದ್ಯಾರ್ಥಿಗಳಿಗೆ ಆ ಕಣ್ಣು ಕುಕ್ಕುವ ಬಿಳಿ ಬೆಳಕು ನೆನಪಿರಬೇಕು. ಅಂಥ ಬೆಂಕಿಗೆ ನೀರು ಸುರಿದರೆ ಆರುವುದಿಲ್ಲ, ನೀರನ್ನೇ ಒಡೆದು ಹೈಡ್ರೋಜನ್ ಬಿಡಿಸಿ ಇನ್ನಷ್ಟು ಉರಿಯುತ್ತದೆ. ಅಂದು ಆದದ್ದೂ ಅದೇ. ಆ ವರ್ಷದ ಕೊನೆಗೆ ಮರ್ಸಿಡಿಸ್ ಕಂಪನಿ ಪಂದ್ಯಗಳಿಂದಲೇ ಹಿಂದೆ ಸರಿಯಿತು. ಹೀಗಾಗಿ ಮುಚ್ಚಿದ ಕಾರುಗಳೆರಡೂ ಒಂದು ಪಂದ್ಯವನ್ನೂ ಓಡದೆ ಉಳಿದವು. ಊಲೆನ್‌ಹೌಟ್ ಒಂದನ್ನು ಆಫೀಸಿಗೆ ಹೋಗಿ ಬರಲು ಬಳಸುತ್ತಿದ್ದನಂತೆ!

ಹರಾಜಿನಿಂದ ಬಂದ ಹಣವನ್ನು ಕಂಪನಿ ಯುವಜನರ ಪರಿಸರ ಯೋಜನೆಗಳಿಗೆ ನೆರವಾಗುವ ಫೆಲೋಶಿಪ್ಪಿಗೆ ಮುಡುಪಿಟ್ಟಿತು. 16ರಿಂದ 28 ವರ್ಷದೊಳಗಿನವರು ಅದಕ್ಕೆ ಅರ್ಹರು. 2023ರ ಮೊದಲ ತಂಡದಲ್ಲೇ ಭಾರತದವರೂ ಇದ್ದರು. ಹೊಗೆ ಕಾರುವ ಎಂಜಿನ್ನೊಂದು ಹೊಗೆ ಕಡಿಮೆ ಮಾಡುವ ವಿದ್ಯೆಗೆ ಹಣ ಒದಗಿಸಿತೆಂದರೆ ವಿಚಿತ್ರವೇ ಸರಿ.

ಈ ಸುದ್ದಿ ಓದಿದವರಿಗೆ ಹಳೆಯ ಕಾರೆಂದರೆ ಬಂಗಾರ, ಇಟ್ಟಷ್ಟೂ ಬೆಲೆ ಏರುತ್ತದೆ ಅನ್ನಿಸಬಹುದು. ಆದರೆ ಅದೇ ವರ್ಷಗಳಲ್ಲಿ, ಅದೇ ಪೇಟೆಯಲ್ಲಿ, ಇನ್ನೊಂದು ಮೂಲೆಯಲ್ಲಿ ಬೇರೆಯೇ ನಾಟಕ ನಡೆಯುತ್ತಿದೆ. 1920 ಮತ್ತು 30ರ ದಶಕದ ಸಾಧಾರಣ ಮಟ್ಟದ ಐಷಾರಾಮಿ ಕಾರುಗಳು, ಅಂದರೆ ಮನೆತನಗಳ ದೊಡ್ಡಸ್ತಿಕೆ ಸಾರುತ್ತಿದ್ದ ರೋಲ್ಸ್‌ರಾಯ್ಸ್, ಪ್ಯಾಕಾರ್ಡ್, ಡೈಮ್ಲರ್ ಸೆಡಾನುಗಳು, ಗಿರಾಕಿಗಾಗಿ ಕಾಯುತ್ತ ಕುಳಿತಿವೆ. ಇಪ್ಪತ್ತು ವರ್ಷದ ಹಿಂದೆ ಕೊಟ್ಟಷ್ಟು ಬೆಲೆಯೂ ಹುಟ್ಟದೆ ಮಾರಿದವರುಂಟು. ಒಂದೇ ಸಂತೆಯಲ್ಲಿ ಒಂದು ಎತ್ತಿಗೆ ರಾಜಬೆಲೆ, ಇನ್ನೊಂದನ್ನು ಕೇಳುವವರಿಲ್ಲ. ಎರಡೂ ಹಳೆಯವೇ, ಎರಡೂ ಅಂದವಾದವೇ. ಹಾಗಾದರೆ ಬೆಲೆ ನಿಂತಿರುವುದು ಯಾವುದರ ಮೇಲೆ?

ಮೊದಲು ಒಂದು ಮಾತು. ‘ವಿಂಟೇಜ್’ ಎಂಬುದು ಮೂಲತಃ ದ್ರಾಕ್ಷಿ ಕೊಯ್ಲಿಗೆ ಸಂಬಂಧಿಸಿದ ಪದ. ಇಂಥ ವರ್ಷದ ಬೆಳೆಯ ವೈನ್ ಎನ್ನುವಂತೆ ಇಂಥ ಕಾಲದ ಕಾರು. ಬ್ರಿಟನ್ನಿನ ಹಳೇ ಕಾರು ಪ್ರೇಮಿಗಳು 1919ರಿಂದ 1930ರ ಕೊನೆಯವರೆಗೆ ತಯಾರಾದವನ್ನು ಮಾತ್ರ ವಿಂಟೇಜ್ ಎನ್ನುತ್ತಾರೆ. ನಮ್ಮಲ್ಲಿ ಅಷ್ಟೆಲ್ಲ ಮಡಿ ಇಲ್ಲ. ದೊಡ್ಡ ಮಡ್‌ಗಾರ್ಡು, ದುಂಡು ದೀಪ ಇದ್ದರೆ ಸಾಕು, ವಿಂಟೇಜ್ ಕಾರು ಬಂತು ಎಂದು ಮಕ್ಕಳು ಓಡಿ ಬರುತ್ತಾರೆ. ಇಲ್ಲಿಯೂ ಆ ಪದವನ್ನು ಸಡಿಲವಾಗಿಯೇ ಬಳಸೋಣ.

ಬೆಲೆಯ ಮೊದಲ ಬೇರು ಕೊರತೆ. ಆದರೆ ಕೊರತೆಯೊಂದೇ ಸಾಲದು ಎಂಬುದಕ್ಕೆ ಬುಗಾಟಿ ರಾಯಲ್ ಕಾರಿನ ಕಥೆಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಎತ್ತೋರೆ ಬುಗಾಟಿ ಎಂಬ ಕಾರು ತಯಾರಕ 1920ರ ದಶಕದಲ್ಲಿ ಜಗತ್ತಿನ ರಾಜರುಗಳಿಗೆಂದೇ ಒಂದು ಕಾರು ಮಾಡಲು ಹೊರಟ. ಉದ್ದ ಸುಮಾರು 6.4 ಮೀಟರ್. ಎಂಜಿನ್ 12.7 ಲೀಟರಿನದು, ಅಂದರೆ ನಮ್ಮ ಮಾರುತಿ 800ರ ಹದಿನಾರು ಎಂಜಿನ್ ಸೇರಿಸಿದಷ್ಟು! ಇಪ್ಪತ್ತೈದು ಕಾರು ಮಾರುವುದು ಅವನ ಲೆಕ್ಕಾಚಾರ. ಅಷ್ಟರಲ್ಲಿ 1929ರ ಆರ್ಥಿಕ ಕುಸಿತ ಬಂತು. ಆರು ಕಾರು ತಯಾರಾದವು, ಮೂರು ಮಾರಾಟವಾದವು, ಕೊಂಡವರಲ್ಲಿ ಒಬ್ಬ ರಾಜನೂ ಇರಲಿಲ್ಲ. ಆ ದೈತ್ಯ ಎಂಜಿನ್ನುಗಳನ್ನು ಏನು ಮಾಡುವುದು? ಬುಗಾಟಿ ಅವನ್ನು ಫ್ರಾನ್ಸಿನ ರೈಲು ಬೋಗಿಗಳಿಗೆ ಜೋಡಿಸಿದ. ಕಾರಿನಲ್ಲಿ ಕಳೆದುಕೊಂಡದ್ದನ್ನು ಹಳಿಯ ಮೇಲೆ ತಕ್ಕಮಟ್ಟಿಗೆ ಗಳಿಸಿಕೊಂಡ.

ಮಾರಾಟವಾದ ಮೂರರಲ್ಲಿ ಒಂದನ್ನು ಕೊಂಡವನು ಒಬ್ಬ ಜರ್ಮನ್ ವೈದ್ಯ. ಅವನು ದೇಶ ಬಿಟ್ಟಾಗ ಕಾರೂ ಜೊತೆಗೆ ಹೊರಟು, ಊರೂರು ಸುತ್ತಿ, ಕೊನೆಗೆ ನ್ಯೂಯಾರ್ಕ್ ಸೇರಿತು. ಅಲ್ಲಿಯ ಚಳಿಗಾಲದಲ್ಲಿ ಎಂಜಿನ್ನಿನೊಳಗೆ ಬಿಟ್ಟಿದ್ದ ನೀರು ಹೆಪ್ಪುಗಟ್ಟಿತು. ನೀರು ಮಂಜುಗಡ್ಡೆಯಾಗುವಾಗ ಅದರ ಗಾತ್ರ ಶೇಕಡಾ 9ರಷ್ಟು ಹಿಗ್ಗುತ್ತದೆಂದು ಮಕ್ಕಳು ಪಾಠದಲ್ಲಿ ಓದಿರುತ್ತಾರೆ. ಎರಕದ ಕಬ್ಬಿಣ ಗಟ್ಟಿಯೇನೋ ಹೌದು, ಆದರೆ ಹಿಗ್ಗಲು ಒಗ್ಗದು. ಎಂಜಿನ್ ಬಿರುಕು ಬಿಟ್ಟಿತು, ಕಾರು ಗುಜರಿ ಸೇರಿತು. 1940ರ ದಶಕದಲ್ಲಿ ಬ್ಯೂಕ್ ಕಂಪನಿಯ ಎಂಜಿನಿಯರ್ ಚಾರ್ಲ್ಸ್ ಚೇಯ್ನ್ ಅದನ್ನು ಗುಜರಿಯಿಂದ ಕೊಂಡದ್ದು ಬರೀ 400 ಡಾಲರಿಗೆ! ಜಗತ್ತಿನಲ್ಲೇ ಆರು ಇರುವ ಕಾರು. ಆಗಲೂ ಆರೇ, ಈಗಲೂ ಆರೇ. ಕೊರತೆ ಆಗಲೂ ಇತ್ತು, ಬೇಕೆನ್ನುವವರು ಇರಲಿಲ್ಲ ಅಷ್ಟೆ. ಚೇಯ್ನ್ ಅದನ್ನು ರಿಪೇರಿ ಮಾಡಿಸಿ, ಓಡಿಸಿ, ಕೊನೆಗೆ ಹೆನ್ರಿ ಫೋರ್ಡ್ ವಸ್ತುಸಂಗ್ರಹಾಲಯಕ್ಕೆ ದಾನ ಕೊಟ್ಟ. ಇಂದೂ ಅಲ್ಲಿದೆ.

1987ರ ನವೆಂಬರಿನಲ್ಲಿ ಇದರ ಅಣ್ಣತಮ್ಮಂದಿರಲ್ಲೊಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಹರಾಜಿಗೆ ಬಂತು. 55 ಲಕ್ಷ ಪೌಂಡಿಗೆ ಹೋಯಿತು. ಅದಕ್ಕೆ ಒಂದು ತಿಂಗಳ ಹಿಂದಷ್ಟೇ ಜಗತ್ತಿನ ಷೇರುಪೇಟೆಗಳು ಕುಸಿದು ಬಿದ್ದಿದ್ದವು. ಷೇರಿನ ಮೇಲೆ ನಂಬಿಕೆ ಕಳೆದುಕೊಂಡ ಹಣ ಕಣ್ಣಿಗೆ ಕಾಣುವ, ಕೈಗೆ ಸಿಗುವ ವಸ್ತುಗಳತ್ತ ನುಗ್ಗಿತು. ಮರುವರ್ಷ ಆಗಸ್ಟಿನಲ್ಲಿ ಎಂಜೋ ಫೆರಾರಿ ತೀರಿಕೊಂಡ. ಕಲಾವಿದ ಸತ್ತರೆ ಚಿತ್ರದ ಬೆಲೆ ಏರುತ್ತದಲ್ಲ, ಹಾಗೆ ಫೆರಾರಿ ಕಾರುಗಳ ಬೆಲೆ ಗಾಳಿಪಟದಂತೆ ಏರಿತು. ಜಪಾನಿನಲ್ಲಿ ಆಗ ಹಣದ ಹೊಳೆ ಹರಿಯುತ್ತಿತ್ತು. ಕಾರನ್ನು ಓಡಿಸಿ ನೋಡುವುದಿರಲಿ, ಕಣ್ಣಾರೆ ಕಾಣದೆಯೂ ಫೋನಿನಲ್ಲೇ ಕೊಂಡು, ತಿಂಗಳೊಳಗೆ ಮತ್ತೊಬ್ಬರಿಗೆ ಮಾರುವವರು ಹುಟ್ಟಿಕೊಂಡರು. 1962ರಿಂದ 64ರವರೆಗೆ ತಯಾರಾದ 36 ಫೆರಾರಿ 250 ಜಿಟಿಒ ಕಾರುಗಳು ಹೊಸದಾಗಿದ್ದಾಗ ಅಮೆರಿಕದಲ್ಲಿ ಸುಮಾರು 18,000 ಡಾಲರ್ ಬೆಲೆಯವು. 1989ರಲ್ಲಿ ಒಂದು ಕಾರಿನ ಬೆಲೆ ಕೋಟಿ ಡಾಲರನ್ನೂ ದಾಟಿತು. ಆಮೇಲೆ? 1990ರಿಂದ ಜಪಾನಿನ ಪೇಟೆ ಇಳಿಯಿತು, ಬಡ್ಡಿ ಏರಿತು, ಸಾಲ ತೆತ್ತು ಕಾರು ಕೊಂಡವರು ಒಬ್ಬರ ಮೇಲೊಬ್ಬರು ಬಿದ್ದು ಮಾರತೊಡಗಿದರು. ನಾಲ್ಕೈದು ವರ್ಷದಲ್ಲಿ ಅದೇ ಕಾರು ಮೂರನೇ ಒಂದು ಭಾಗಕ್ಕಿಂತ ಕಡಿಮೆಗೆ ಕೈ ಬದಲಾಯಿಸಿತು. ಎಂಜಿನ್ನಿನ ಒಂದು ತಿರುಪೂ ಬದಲಾಗಿರಲಿಲ್ಲ!

ಆ ಪೆಟ್ಟಿನಿಂದ ಪೇಟೆ ಪಾಠ ಕಲಿತಿತೇ? ಸ್ವಲ್ಪ ಮಟ್ಟಿಗೆ ಕಲಿತಿತು ಎನ್ನಬೇಕು. ಸಾಲದ ಮೇಲೆ ಕೊಳ್ಳುವುದು ಕಡಿಮೆಯಾಯಿತು. ಮುಂದಿನ ಬದಲಾವಣೆ ಬಂದದ್ದು ಷೇರುಪೇಟೆಯಿಂದಲ್ಲ, ಅದು ಬಂದದ್ದು ಮನುಷ್ಯರ ವಯಸ್ಸಿನಿಂದ.

ಇಲ್ಲೊಂದು ಸರಳ ಲೆಕ್ಕವಿದೆ. ಮನುಷ್ಯನೊಬ್ಬನಿಗೆ ಕಾರಿನ ಹುಚ್ಚು ಹಿಡಿಯುವುದು ಹತ್ತರಿಂದ ಹದಿನೈದರ ವಯಸ್ಸಿನಲ್ಲಿ. ಆಗ ಕೈಯಲ್ಲಿ ಕಾಸಿರುವುದಿಲ್ಲ. ಗೋಡೆಗೆ ಚಿತ್ರ ಅಂಟಿಸಿಕೊಂಡು ಸುಮ್ಮನಿರುತ್ತಾನೆ. ಕೈಯಲ್ಲಿ ಕಾಸು ಓಡಾಡುವುದು ಐವತ್ತರ ಆಚೀಚೆ, ಮಕ್ಕಳ ಓದು ಮುಗಿದು ಮನೆಯ ಸಾಲ ತೀರಿದ ಮೇಲೆ. ಆಗ ಅವನು ಕೊಳ್ಳುವುದು ಒಳ್ಳೆಯ ಕಾರನ್ನಲ್ಲ, ಗೋಡೆಯ ಮೇಲಿದ್ದ ಕಾರನ್ನು! ನಡುವೆ ಮೂವತ್ತೈದು, ನಲವತ್ತು ವರ್ಷಗಳ ಅಂತರ. 1930ರ ದಶಕದಲ್ಲಿ ಬಾಲಕನಾಗಿದ್ದವನು 1970ರ ದಶಕದಲ್ಲಿ ಪ್ಯಾಕಾರ್ಡ್, ರೋಲ್ಸ್‌ರಾಯ್ಸ್ ಹುಡುಕಿಕೊಂಡು ಹೋದ. 1950, 60ರ ದಶಕದ ಹುಡುಗರು 1990ರ ನಂತರ ಜಾಗ್ವಾರ್, ಫೆರಾರಿ, ಮರ್ಸಿಡಿಸ್‌ಗಳಿಗೆ ಮುಗಿಬಿದ್ದರು. ಈಗ ಯಾರ ಸರದಿ? 1980, 90ರ ದಶಕದಲ್ಲಿ ಶಾಲೆಗೆ ಹೋಗುತ್ತಿದ್ದವರದು. ಅವರ ಗೋಡೆಯ ಮೇಲಿದ್ದುದು ಲಂಬೋರ್ಗಿನಿ ಕೌಂಟಾಷ್, ಫೆರಾರಿ ಎಫ್40. ಪ್ಯಾಕಾರ್ಡ್ ಅವರಿಗೆ ಹಳೆಯ ಸಿನಿಮಾದಲ್ಲಿ ಬರುವ ಒಂದು ವಾಹನ ಮಾತ್ರ. ಅಜ್ಜ ಅಟ್ಟದ ಮೇಲಿಟ್ಟ ಗ್ರಾಮಫೋನನ್ನು ಮೊಮ್ಮಗ ನೋಡುವಂತೆ ಅವರು ಅದನ್ನು ಗೌರವದಿಂದ ನೋಡುತ್ತಾರೆ, ಮನೆಗೆ ಒಯ್ಯುವುದಿಲ್ಲ.

ಒಂದೇ ಕಾರಿನ ಜಾತಕ ನೋಡಿದರೆ ಇದು ಸ್ಪಷ್ಟವಾಗುತ್ತದೆ. ದಕ್ಷಿಣ ಆಫ್ರಿಕದಲ್ಲಿ ಹುಟ್ಟಿದ ಗಾರ್ಡನ್ ಮರ್ರಿ ಎಂಬ ಎಂಜಿನಿಯರ್ ರೂಪಿಸಿದ ಮೆಕ್ಲಾರೆನ್ ಎಫ್1 ಕಾರು 1990ರ ದಶಕದಲ್ಲಿ ಒಟ್ಟು 106 ತಯಾರಾಯಿತು. ಚಾಲಕ ನಟ್ಟನಡುವೆ, ಅವನ ಎರಡೂ ಪಕ್ಕದಲ್ಲಿ ಹಿಂದೆ ಒಬ್ಬೊಬ್ಬರು. ಎಂಜಿನ್ ಕೋಣೆಯ ಒಳಗೋಡೆಗೆ ಬಂಗಾರದ ತೆಳು ಹಾಳೆ ಅಂಟಿಸಲಾಗಿದೆ. ಅದು ಶೋಕಿಗಲ್ಲ. ಶಾಖದ ಕಿರಣಗಳನ್ನು, ಅಂದರೆ ಅವಗೆಂಪು ಕಿರಣಗಳನ್ನು ಬಂಗಾರದಷ್ಟು ಚೆನ್ನಾಗಿ ಪ್ರತಿಫಲಿಸುವ ಲೋಹ ಅಪರೂಪ. ಉಪಗ್ರಹಗಳಲ್ಲೂ ಗಗನಯಾತ್ರಿಗಳ ಶಿರಸ್ತ್ರಾಣದಲ್ಲೂ ಅದನ್ನು ಬಳಸುವುದು ಇದೇ ಕಾರಣಕ್ಕೆ. ಹೊಸದಾಗಿದ್ದಾಗ ಇದರ ಬೆಲೆ ತೆರಿಗೆ ಬಿಟ್ಟು 5 ಲಕ್ಷ 40 ಸಾವಿರ ಪೌಂಡ್. ಇಷ್ಟೊಂದು ದುಡ್ಡು ಯಾರು ಕೊಡುತ್ತಾರೆಂದು ಆಗ ಜನ ನಕ್ಕಿದ್ದರು. 2021ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯಾದ ಹರಾಜೊಂದರಲ್ಲಿ 1995ರ ಎಫ್1 ಒಂದು 2 ಕೋಟಿ ಡಾಲರಿಗೂ ಹೆಚ್ಚಿಗೆ ಹೋಯಿತು. ಇಪ್ಪತ್ತಾರು ವರ್ಷದಲ್ಲಿ ಅದು ಓಡಿದ್ದು 400 ಕಿಲೋಮೀಟರೂ ಅಲ್ಲ! ಗಂಟೆಗೆ 380 ಕಿಲೋಮೀಟರಿಗೂ ಮಿಕ್ಕಿ ಓಡಬಲ್ಲ ಯಂತ್ರ ಕಾಲು ಶತಮಾನ ಮುಸುಕು ಹೊದ್ದು ನಿಂತಿತ್ತು. ಓಡದೆ ಇದ್ದುದಕ್ಕೇ ಅಷ್ಟು ಬೆಲೆ. ಸೀರೆ ಉಡದೆ ಬೀರುವಿನಲ್ಲಿಟ್ಟು ಬೆಲೆ ಕಟ್ಟಿದ ಹಾಗೆ.

ಕಾಯಿದೆಯೂ ಪೇಟೆಯನ್ನು ತಿರುಗಿಸುತ್ತದೆ. ಅಮೆರಿಕಕ್ಕೆ ಹೊರದೇಶದ ಕಾರು ತರಬೇಕಾದರೆ ಅಲ್ಲಿಯ ಸುರಕ್ಷತಾ ನಿಯಮಗಳಿಗೆ ಹೊಂದಬೇಕು; ಕಾರಿಗೆ 25 ವರ್ಷ ತುಂಬಿದ್ದರೆ ವಿನಾಯಿತಿ. ಹೀಗಾಗಿ ಪ್ರತಿ ವರ್ಷ ಒಂದೊಂದು ಹೊಸ ‘ಹಳೆಯ’ ಕಾರಿನ ತಂಡಕ್ಕೆ ಬಾಗಿಲು ತೆರೆಯುತ್ತದೆ. ಜಪಾನಿನ ನಿಸಾನ್ ಸ್ಕೈಲೈನ್ ಜಿಟಿಆರ್ ಕಾರಿನ 1999ರ ಮಾದರಿಗೆ 2024ರಲ್ಲಿ ಹಾಗೆ ಬಾಗಿಲು ತೆರೆಯಿತು. ಅದನ್ನು ಬಯಸುವವರಲ್ಲಿ ಅನೇಕರು ಅದನ್ನು ಮೊದಲು ಓಡಿಸಿದ್ದು ವಿಡಿಯೊ ಆಟದಲ್ಲಿ! ಆ ಕಾರನ್ನು ಐಷಾರಾಮಿ ಎನ್ನಲು ಹಳೆಯ ಸಂಗ್ರಾಹಕರು ಇಂದಿಗೂ ಒಪ್ಪುವುದಿಲ್ಲ.

ಕೊಳ್ಳುವ ರೀತಿಯೂ ಬದಲಾಗಿದೆ. ಹಿಂದೆ ಇಂಥ ಕಾರಿನ ನಿಜವಾದ ಬೆಲೆ ನಾಲ್ಕು ಜನ ದಲ್ಲಾಳಿಗಳಿಗೆ ಮಾತ್ರ ಗೊತ್ತು. ಅಮೆರಿಕದ ‘ಬ್ರಿಂಗ್ ಎ ಟ್ರೇಲರ್’ ಎಂಬ ಸಂಸ್ಥೆ 2014ರಲ್ಲಿ ಇಂಟರ್‌ನೆಟ್ಟಿನಲ್ಲೇ ಹರಾಜು ನಡೆಸಲು ಶುರು ಮಾಡಿತು. ಕೊರೋನಾ ಕಾಲದಲ್ಲಿ ಹರಾಜು ಮಂಟಪಗಳು ಮುಚ್ಚಿದಾಗ ಇಂಥವಕ್ಕೆ ಸುಗ್ಗಿ. ಈಗ ಯಾವ ಕಾರು ಎಷ್ಟಕ್ಕೆ ಹೋಯಿತು, ಅದರ ತಳದಲ್ಲಿ ತುಕ್ಕು ಎಷ್ಟಿತ್ತು ಎಂಬುದನ್ನು ಮನೆಯಲ್ಲಿ ಕೂತ ಯಾರು ಬೇಕಾದರೂ ನೋಡಬಹುದು. ದಲ್ಲಾಳಿಗೆ ಇದು ಕಷ್ಟ, ಕೊಳ್ಳುವವನಿಗೆ ಒಳ್ಳೆಯದು. ಮಾರುವವನಿಗೆ? ಅವನ ಕಾರು ಅಜ್ಜನ ಕಾಲದ್ದಾಗಿದ್ದರೆ ಇಳಿದ ಬೆಲೆಯೂ ಊರಿಗೆಲ್ಲ ಗೊತ್ತು.

ಇನ್ನೊಂದು ಬದಲಾವಣೆ ಇದಕ್ಕಿಂತ ಸ್ವಾರಸ್ಯದ್ದು. ಮೊದಲೆಲ್ಲ ಹಳೆಯ ಕಾರನ್ನು ಪೂರ್ತಿ ಬಿಚ್ಚಿ, ಹೊಸ ಬಣ್ಣ ಬಳಿದು, ಕ್ರೋಮಿಯಂ ಲೇಪಿಸಿ, ಕನ್ನಡಿಯಂತೆ ಹೊಳೆಸಿದರೇ ಬೆಲೆ. ಹುಟ್ಟಿದಾಗಲೂ ಅಷ್ಟು ಹೊಳೆದಿರಲಿಲ್ಲ, ಅಷ್ಟು ಹೊಳಪು. ಈಗ ಹುಟ್ಟಿನ ಬಣ್ಣ ಮಾಸಿ, ಚರ್ಮದ ಸೀಟು ಬಿರಿದು, ಯಾರೂ ಕೈ ಹಾಕದೆ ಉಳಿದ ಕಾರಿಗೆ ಮರ್ಯಾದೆ ಹೆಚ್ಚುತ್ತಿದೆ. ಫ್ರಾನ್ಸಿನಲ್ಲಿ ರೋಜೆ ಬೈಯೋಂ ಎಂಬ ಸಾರಿಗೆ ಉದ್ಯಮಿ ವಸ್ತುಸಂಗ್ರಹಾಲಯ ಕಟ್ಟುವ ಕನಸಿನಲ್ಲಿ 1950ರ ದಶಕದಿಂದ ಕಾರುಗಳನ್ನು ಕೂಡಿಹಾಕಿದ್ದ. ವ್ಯಾಪಾರ ಮುಗ್ಗರಿಸಿತು, ಕನಸು ನಿಂತಿತು. ಗೋಡೆಯಿಲ್ಲದ ಕೊಟ್ಟಿಗೆಗಳ ಕೆಳಗೆ ಕಾರುಗಳು ದಶಕಗಳ ಕಾಲ ಗಾಳಿ ಮಳೆಗೆ ತುಕ್ಕು ಹಿಡಿದವು, ಬಳ್ಳಿಗಳು ಹಬ್ಬಿದವು. 2015ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನಲ್ಲಿ ಅವನ್ನು ಧೂಳು ಕೊಡವದೆ ಹರಾಜಿಗಿಟ್ಟರು. ಹಳೆಯ ಪತ್ರಿಕೆಗಳ ರಾಶಿಯಡಿ ಮುಚ್ಚಿಹೋಗಿದ್ದ ಒಂದು ಫೆರಾರಿ, ಹಿಂದೊಮ್ಮೆ ನಟ ಆಲೆನ್ ದೆಲಾನ್ ಓಡಿಸುತ್ತಿದ್ದುದು, 1 ಕೋಟಿ 63 ಲಕ್ಷ ಯೂರೋಗೆ ಹೋಯಿತು. 2024ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್ ಪ್ರದರ್ಶನದಲ್ಲಿ ಮೊದಲ ಬಾರಿಗೆ ಅತ್ಯುತ್ತಮ ಕಾರಿನ ಪ್ರಶಸ್ತಿ ಬಂದದ್ದು ಹೊಸ ಬಣ್ಣ ಕಾಣದ, ಇದ್ದ ಹಾಗೇ ಕಾಪಾಡಿದ ಕಾರೊಂದಕ್ಕೆ. 1934ರ ಬುಗಾಟಿ ಟೈಪ್ 59 ಅದು, ಒಮ್ಮೆ ಬೆಲ್ಜಿಯಂ ದೊರೆಯ ಬಳಿ ಇದ್ದುದು.

ಏಕೆ ಹೀಗೆ? ಹೊಸ ಬಣ್ಣವನ್ನು ಎಷ್ಟು ಸಲ ಬೇಕಾದರೂ ಬಳಿಯಬಹುದು. ಹಳೆಯ ಬಣ್ಣವನ್ನು ಒಮ್ಮೆ ಕೆರೆದು ತೆಗೆದರೆ ಮುಗಿಯಿತು. ಅದು ಪುರಾವೆಯೂ ಹೌದು. ಬೆಲೆ ಕೋಟಿಗಳನ್ನು ಮುಟ್ಟಿದ ಮೇಲೆ ನಕಲಿಗಳೂ ಹುಟ್ಟುತ್ತವಲ್ಲ! ಆದ್ದರಿಂದ ಈಗ ಕೊಳ್ಳುವವರು ಷಾಸಿಯ ನಂಬರು, ಎಂಜಿನ್ನಿನ ನಂಬರು ಕಾರ್ಖಾನೆಯ ದಾಖಲೆಯೊಂದಿಗೆ ತಾಳೆಯಾಗುತ್ತವೆಯೇ ಎಂದು ನೋಡುತ್ತಾರೆ. ಬಣ್ಣದ ಪದರದ ದಪ್ಪ ಅಳೆಯುವ ಉಪಕರಣ ಹಿಡಿದು ಬರುತ್ತಾರೆ. ಹಳೆಯ ಪತ್ರ, ರಶೀದಿ, ಫೋಟೋ ಇರುವ ಒಂದು ಕಡತ ಕಾರಿನ ಅರ್ಧ ಬೆಲೆ ಬಾಳಬಲ್ಲದು. ಕಾವು ಮೂರು ಸಲ, ಕಬ್ಬಿಣ ಎರಡು ಸಲ ಬದಲಾಯಿಸಿದ ಕೊಡಲಿ ತಾತನದೇ ಹೌದೋ ಅಲ್ಲವೋ ಎಂಬ ಜಗಳ ಇಲ್ಲಿ ಕೋರ್ಟಿಗೂ ಹೋಗಿದೆ. 1929 ಮತ್ತು 30ರಲ್ಲಿ ಲ ಮಾನ್ ಪಂದ್ಯ ಗೆದ್ದ ಬೆಂಟ್ಲಿ ಕಾರೊಂದನ್ನು ಒಂದು ಕೋಟಿ ಪೌಂಡಿಗೆ ಕೊಳ್ಳಲು ಒಪ್ಪಿದವರು, ಇದರಲ್ಲಿ ಮೂಲದ ಭಾಗಗಳೇ ಉಳಿದಿಲ್ಲವೆಂದು ಹಿಂಜರಿದರು. 1990ರಲ್ಲಿ ಇಂಗ್ಲೆಂಡಿನ ಹೈಕೋರ್ಟ್ ಮಾರಿದವನ ಪರವಾಗಿ ತೀರ್ಪು ಕೊಟ್ಟಿತು. ಭಾಗಗಳು ಬದಲಾಗಿರಬಹುದು, ಆದರೆ ಈ ಕಾರಿನ ಬದುಕು ಎಲ್ಲಿಯೂ ತುಂಡಾಗಿಲ್ಲ, ಆದ್ದರಿಂದ ಇದು ಅದೇ ಕಾರು ಎಂಬುದು ನ್ಯಾಯಾಧೀಶರ ವಾದದ ತಿರುಳು. ನಮ್ಮ ದೇಹದ ಜೀವಕೋಶಗಳ ವಿಷಯದಲ್ಲೂ ಹೀಗೇ ಹೇಳಬೇಕಾಗುತ್ತದೆ.

ಈ ಪೇಟೆಯಲ್ಲಿ ಭಾರತಕ್ಕೆ ಒಂದು ಕಾಲದಲ್ಲಿ ದೊಡ್ಡ ಪೀಠವಿತ್ತು. ರೋಲ್ಸ್‌ರಾಯ್ಸ್ ಕಂಪನಿಗೆ ನಮ್ಮ ಮಹಾರಾಜರು ಅಚ್ಚುಮೆಚ್ಚಿನ ಗಿರಾಕಿಗಳು. ಮೈಸೂರಿನ ಮಹಾರಾಜರು ಕಾರುಗಳನ್ನು ಏಳೇಳರ ಗುಂಪಿನಲ್ಲಿ ಕೊಳ್ಳುತ್ತಿದ್ದರೆಂದೂ, ಹಾಗೆ ಸಗಟಾಗಿ ಕೊಳ್ಳುವುದಕ್ಕೆ ಆ ಕಂಪನಿಯ ನೌಕರರ ಬಾಯಲ್ಲಿ ‘ಮೈಸೂರು ಮಾಡುವುದು’ ಎಂಬ ಮಾತೇ ಹುಟ್ಟಿಕೊಂಡಿತೆಂದೂ ಹೇಳುತ್ತಾರೆ. 1971ರಲ್ಲಿ ರಾಜಧನ ರದ್ದಾಯಿತು. ಅದಕ್ಕೂ ಮೊದಲೇ ಅರಮನೆಗಳ ಷೆಡ್ಡುಗಳಿಂದ ಎಷ್ಟೋ ಕಾರುಗಳು ಮೂರು ಕಾಸಿಗೆ ವಿದೇಶಿಯರ ಪಾಲಾಗಿದ್ದವು. ಕೊಲ್ಕತ್ತದ ಬೀದಿಗಳಲ್ಲಿ ಕೊಕ್ಕಿನಿಂದ ನೀರು ಚಿಮ್ಮಿಸುತ್ತ ಓಡಿ, ಆಮೇಲೆ ನಾಭಾ ಸಂಸ್ಥಾನ ಸೇರಿದ 1910ರ ಹಂಸಾಕಾರದ ಕಾರು ಇಂದು ಇರುವುದು ನೆದರ್‌ಲೆಂಡ್ಸ್‌ನ ಲೌಮನ್ ವಸ್ತುಸಂಗ್ರಹಾಲಯದಲ್ಲಿ. 1972ರಲ್ಲಿ ಸರ್ಕಾರ ವಿಂಟೇಜ್ ಕಾರುಗಳ ರಫ್ತು ನಿಷೇಧಿಸಿತು. ಅಂದಿನಿಂದ ನಮ್ಮ ಪೇಟೆ ಬೇಲಿಯೊಳಗಿನ ಹೊಲದಂತೆ; ಹೊರಗಿನ ಏರಿಳಿತ ಒಳಗೆ ಅಷ್ಟಾಗಿ ತಟ್ಟುವುದಿಲ್ಲ. ಉಳಿದ ಒಳ್ಳೆಯ ಕಾರುಗಳಲ್ಲಿ ಕೆಲವನ್ನು ಸಾರ್ವಜನಿಕರು ನೋಡಬಹುದು. ಮೈಸೂರು ಹೆದ್ದಾರಿಯಲ್ಲಿ ಶ್ರೀರಂಗಪಟ್ಟಣದ ಬಳಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಸಂಗ್ರಹದ ‘ಪಯಣ’ ಇದೆ; ಶಾಲಾ ಪ್ರವಾಸಕ್ಕೆ ಮೈಸೂರಿಗೆ ಹೊರಟ ಬಸ್ಸುಗಳು ಅರ್ಧ ದಿನ ಅಲ್ಲಿ ನಿಂತರೆ ನಷ್ಟವಿಲ್ಲ.

2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಹೆಚ್ಚು ಮಾರ್ಪಾಡಾಗದ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ನಂಬರ್ ಪ್ಲೇಟಿನಲ್ಲಿ ‘ವಿಎ’ ಎಂಬ ಅಕ್ಷರ, ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ಪ್ರದರ್ಶನ, ರ‍್ಯಾಲಿ, ರಿಪೇರಿಯಂಥ ಕೆಲಸಕ್ಕಲ್ಲದೆ ದಿನನಿತ್ಯ ಓಡಿಸುವಂತಿಲ್ಲ. ಇಲ್ಲೂ ವಯಸ್ಸಿನ ಲೆಕ್ಕ ಕೆಲಸ ಮಾಡುತ್ತಿದೆ. ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಮುಂಬಯಿಯ ಕೊನೆಯ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಿತು. ಅವು ಐಷಾರಾಮಿ ಕಾರುಗಳೇನಲ್ಲ. ಆದರೆ ಅವುಗಳ ಹಿಂದಿನ ಸೀಟಿನಲ್ಲಿ ಅಪ್ಪ ಅಮ್ಮನ ನಡುವೆ ತೂಕಡಿಸುತ್ತ ಅಜ್ಜಿ ಮನೆಗೆ ಹೋದವರು ಈಗ ಅವನ್ನು ಹುಡುಕಿ ತಂದು ಬಣ್ಣ ಹೊಡೆಸುತ್ತಿದ್ದಾರೆ.

ಹಣ ಬೆಳೆಸಲು ಹಳೆಯ ಕಾರು ಕೊಳ್ಳುವುದು ಒಳ್ಳೆಯದೇ ಎಂದು ಕೇಳುವ ಪಾಲಕರಿಗೆ ಉತ್ತರ ಚಿಕ್ಕದು: ಅಲ್ಲ. ಪತ್ರಿಕೆಯಲ್ಲಿ ಬರುವುದು ಗೆದ್ದ ಕಾರಿನ ಸುದ್ದಿ ಮಾತ್ರ. ಷೆಡ್ಡಿನ ಬಾಡಿಗೆ, ವಿಮೆ, ಹರಾಜಿನವರ ಕಮಿಷನ್, ಬ್ಯಾಟರಿ, ಟೈರು ಇವನ್ನೆಲ್ಲ ಕಳೆದ ಲೆಕ್ಕ ಯಾರೂ ಅಚ್ಚು ಹಾಕಿಸುವುದಿಲ್ಲ.

ನಿಜವಾದ ಚಿಂತೆ ಹಣದ್ದಲ್ಲ. ಕಾರೊಂದರ ಬೆಲೆ ಅದರ ರಿಪೇರಿಯ ಖರ್ಚಿಗಿಂತ ಕೆಳಗಿಳಿದ ದಿನ ಅದನ್ನು ರಿಪೇರಿ ಮಾಡಿಸುವವರು ಇರುವುದಿಲ್ಲ. ರಾಯಲ್ ಕಾರು ಗುಜರಿ ಸೇರಿದ್ದು ಹೀಗೆಯೇ. ಎಲ್ಲ ಕಾರಿಗೂ ಒಬ್ಬ ಚೇಯ್ನ್ ಸಿಗುವುದಿಲ್ಲ. ಅಜ್ಜನ ಕಾಲದ ಕಾರುಗಳು ಈಗ ಆ ಅಂಚಿನಲ್ಲಿವೆ. ಅವುಗಳ ಎಂಜಿನ್ನಿನ ಬೇರಿಂಗ್ ಅಂಗಡಿಯಲ್ಲಿ ಸಿಗುವಂಥದಲ್ಲ. ತವರ, ಆಂಟಿಮನಿ, ತಾಮ್ರ ಬೆರೆಸಿ ಕರಗಿಸಿ, ಸರಿಯಾದ ಬಿಸಿಯಲ್ಲಿ ಸುರಿದು, ಆರಿದ ಮೇಲೆ ಕೈಯಿಂದ ಹೆರೆದು ಕೂರಿಸಬೇಕು. ಕವಚದ ಒಳಗೆ ಮರದ ಚೌಕಟ್ಟು, ಹೊರಗೆ ಅಲ್ಯೂಮಿನಿಯಂ ತಗಡು, ನಡುವೆ ಉಕ್ಕಿನ ಮೊಳೆ. ತೇವ ಸೇರಿದರೆ ಎರಡು ಲೋಹಗಳ ನಡುವೆ ಒಂದು ಪುಟ್ಟ ವಿದ್ಯುತ್ಕೋಶವೇ ಏರ್ಪಟ್ಟು ಅಲ್ಯೂಮಿನಿಯಂ ತಿಂದುಹೋಗುತ್ತದೆ. ಅದನ್ನು ಗುರುತಿಸಲು ಬಡಗಿಯ ಕಣ್ಣೂ ಬೇಕು, ರಸಾಯನಶಾಸ್ತ್ರವೂ ಬೇಕು. ಇಂಧನವೂ ಬದಲಾಗಿದೆ. ನಮ್ಮ ದೇಶದ ಬಂಕುಗಳಲ್ಲಿ 2000ದಲ್ಲಿ ಸೀಸಬೆರೆತ ಪೆಟ್ರೋಲ್ ನಿಂತಿತು. ಸೀಸದ ತೆಳು ಲೇಪವನ್ನೇ ನೆಚ್ಚಿದ್ದ 1950, 60ರ ದಶಕದ ಎಂಜಿನ್ನುಗಳ ವಾಲ್ವುಗಳಿಗೆ ಗಟ್ಟಿ ಲೋಹದ ಬಳೆ ತೊಡಿಸಬೇಕಾಯಿತು. (ಸೀಸ ಬೆರೆಸುವ ಪದ್ಧತಿ ಶುರುವಾಗಿದ್ದೇ 1923ರಲ್ಲಿ. ಅದಕ್ಕಿಂತ ಹಳೆಯ ಕಾರುಗಳಿಗೆ ಈ ತೊಂದರೆಯೇ ಇಲ್ಲ!) ಈಗ ಪೆಟ್ರೋಲಿಗೆ ಶೇಕಡಾ 20ರಷ್ಟು ಎಥನಾಲ್ ಬೆರೆಸುತ್ತಾರೆ. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಹಳೆಯ ರಬ್ಬರ್ ಕೊಳವೆಗಳನ್ನು ಮೆತ್ತಗೆ ಮಾಡುತ್ತದೆ. ವರ್ಷಕ್ಕೆ ನಾಲ್ಕು ದಿನ ಓಡುವ ಕಾರಿಗೆ ಇದು ನಿತ್ಯ ಓಡುವ ಕಾರಿಗಿಂತ ದೊಡ್ಡ ಶತ್ರು.

ಇಂಥ ಕೆಲಸ ಬಲ್ಲ ಮೇಸ್ತ್ರಿಗಳಿಗೆ ವಯಸ್ಸಾಗಿದೆ. ಅವರ ಮಕ್ಕಳು ಕಂಪ್ಯೂಟರ್ ಕಲಿತಿದ್ದಾರೆ; ತಪ್ಪೆನ್ನಲಾಗದು. ಆದರೆ ಅಮೆರಿಕದ ಕಾನ್ಸಸ್ ರಾಜ್ಯದ ಮೆಕ್‌ಫರ್ಸನ್ ಎಂಬ ಚಿಕ್ಕ ಊರಿನ ಕಾಲೇಜೊಂದು 1976ರಿಂದ ಈ ವಿದ್ಯೆಯನ್ನು ಪಾಠವಾಗಿ ಕಲಿಸುತ್ತಿದೆ. ಈಗ ಅಲ್ಲಿ ಹಳೆಯ ಕಾರುಗಳ ಜೀರ್ಣೋದ್ಧಾರದಲ್ಲೇ ನಾಲ್ಕು ವರ್ಷದ ಪದವಿ ಪಡೆಯಬಹುದು. ಎಂಜಿನ್ ಜೋಡಿಸುವುದು, ತಗಡು ಬಡಿಯುವುದು, ಬಣ್ಣ, ಸೀಟಿನ ಹೊಲಿಗೆ, ಜೊತೆಗೆ ಚರಿತ್ರೆ. ಅಲ್ಲಿಯ ವಿದ್ಯಾರ್ಥಿಗಳು 1953ರ ಮರ್ಸಿಡಿಸ್ 300 ಎಸ್ ಕಾರೊಂದನ್ನು ವರ್ಷಗಟ್ಟಲೆ ಕುಳಿತು ಬಿಚ್ಚಿ ಜೋಡಿಸಿದರು. ಒಂದು ತಂಡ ಪಾಸಾಗಿ ಹೋದರೆ ಮುಂದಿನ ತಂಡ ಕೆಲಸ ಹಿಡಿಯುತ್ತಿತ್ತು. 2023ರ ಆಗಸ್ಟಿನಲ್ಲಿ ಅದನ್ನು ಪೆಬಲ್ ಬೀಚಿಗೆ ಒಯ್ದರು. ಕೋಟ್ಯಧೀಶರು ಹೆಸರಾಂತ ವರ್ಕ್‌ಷಾಪುಗಳಲ್ಲಿ ಸಿದ್ಧಪಡಿಸಿ ತಂದ ಕಾರುಗಳ ನಡುವೆ ಅದಕ್ಕೆ ತನ್ನ ವರ್ಗದಲ್ಲಿ ಎರಡನೆಯ ಬಹುಮಾನ ಬಂತು. ಅದನ್ನು ತಂದು ನಿಲ್ಲಿಸಿದವರಲ್ಲಿ ಬಹಳ ಮಂದಿಗೆ ಇಪ್ಪತ್ತರ ಆಸುಪಾಸು. ಆ ಕಾರು ಕಾರ್ಖಾನೆಯಿಂದ ಹೊರಬಿದ್ದಾಗ ಅವರ ಅಪ್ಪಂದಿರೇ ಇನ್ನೂ ಹುಟ್ಟಿರಲಿಕ್ಕಿಲ್ಲ.